75 ವರ್ಷದ ಷರತ್ತನ್ನು ಶಿರಸಿಯಲ್ಲಿ ಯಾರೂ ತೆಗೆಯಲಾರರು

ಅರಣ್ಯ ಅತಿಕ್ರಮಣದ ಹೋರಾಟ ಅಂದರೆ ನಮ್ಮ ಉತ್ತರ ಕನ್ನಡದಲ್ಲಿ ಜನ ಸೇರುವುದು ಶಿರಸಿಯ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿ ಎದುರು, ಇಲ್ಲವೇ ಕಾರವಾರದ ಡಿ.ಸಿ. (ಜಿಲ್ಲಾಧಿಕಾರಿ) ಕಚೇರಿ ಎದುರು. ಬಿಸಿಲಲ್ಲಿ ಕೂರುತ್ತಾರೆ, ಮನವಿ ಕೊಡುತ್ತಾರೆ, ಸಂಜೆ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಅವರ ಸಂಕಟ ನಿಜ. ಆದರೆ ತಾವಿರುವ ಅರಣ್ಯ ಭೂಮಿಯ ಹಕ್ಕು ಕೊಡಿ ಎಂಬ ಅವರ ಅರ್ಜಿಗೆ ಅಡ್ಡ ನಿಂತದ್ದು 75 ವರ್ಷದಿಂದ ಅಲ್ಲೇ ಇದ್ದೇವೆ ಎಂದು ತೋರಿಸಬೇಕೆಂಬ ಷರತ್ತು, ಅದನ್ನು ಬರೆದದ್ದು ಸಂಸತ್ತು. ಅದನ್ನು ತೆಗೆಯುವ ಅಧಿಕಾರ ಎ.ಸಿ.ಗೂ ಇಲ್ಲ, ಡಿ.ಸಿ.ಗೂ ಇಲ್ಲ. ವೇದಿಕೆ ಹತ್ತಿ ಇದನ್ನು ನೇರವಾಗಿ ಹೇಳುವವರು ಕಡಿಮೆ.

2005ರ ಡಿಸೆಂಬರ್‌ನಲ್ಲಿ ಅರಣ್ಯ ಹಕ್ಕು ಮಸೂದೆ ಲೋಕಸಭೆಗೆ ಬಂದಾಗ ಅದು ಪರಿಶಿಷ್ಟ ಪಂಗಡದವರಿಗೆ ಮಾತ್ರ ಇತ್ತು, ಅದೂ 1980ಕ್ಕೂ ಮುಂಚಿನಿಂದ ಇದ್ದವರಿಗೆ. ಅದು ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಬೇರೆ ಅರಣ್ಯವಾಸಿಗಳನ್ನೂ ಸೇರಿಸಿ, ದಿನಾಂಕವನ್ನು 2005ರ ಡಿಸೆಂಬರ್ 13ಕ್ಕೆ ತನ್ನಿ ಎಂದು ಶಿಫಾರಸು ಮಾಡಿದ್ದು ಆ ಸಮಿತಿ. ಟೀವಿಯಲ್ಲಿ ಕಾಣುವ ಗದ್ದಲಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಇಂಥ ಕೋಣೆಗಳಲ್ಲಿ ಆಗುತ್ತದೆ. 2006ರಲ್ಲಿ ಕಾಯ್ದೆ ಪಾಸಾದಾಗ ಪಂಗಡಕ್ಕೆ ಸೇರದವರಿಗೆ ಮೂರು ತಲೆಮಾರು, ತಲೆಮಾರಿಗೆ 25 ವರ್ಷ ಅಂತ ಲೆಕ್ಕ ಬಿತ್ತು. ಒಟ್ಟು 75 ವರ್ಷ. ಅಂದರೆ 1930ರಿಂದ, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷದಿಂದ. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಕಾಡಂಚಿನಲ್ಲಿ ಗೇಯ್ದು ತಿನ್ನುವ ಕುಟುಂಬ ಆ ಕಾಲದ ಕಾಗದ ಎಲ್ಲಿಂದ ತರಬೇಕು ಹೇಳಿ?

ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, ಅವರಿಗೆ ಈ 75 ವರ್ಷದ ಷರತ್ತಿಲ್ಲ. ಅದು ಸರಿಯಾಗಿಯೇ ಇದೆ. ಅದೇ ಕಾಡಲ್ಲಿ ಬದುಕುವ ಕುಣಬಿಗಳು, ಗೌಳಿಗಳು, ಈಚೆ ಕರಾವಳಿಯ ಹಾಲಕ್ಕಿಗಳು ಪಟ್ಟಿಯ ಹೊರಗಿದ್ದಾರೆ. ಪಟ್ಟಿಗೆ ಹೆಸರು ಸೇರಿಸುವುದೂ ಸಂಸತ್ತಿನ ಕಾನೂನಿನಿಂದಲೇ ಆಗಬೇಕು, ಸಂವಿಧಾನದ 342ನೇ ವಿಧಿ ಹಾಗೆ ಹೇಳುತ್ತದೆ. ಬೆಂಗಳೂರು ಶಿಫಾರಸು ಕಳಿಸಬಹುದು ಅಷ್ಟೇ.

ಸಂಸತ್ತಿಗೆ ನಿಜಕ್ಕೂ ಕಷ್ಟವಾದ ಕೆಲಸಗಳಿವೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯಬೇಕಾದರೆ ಮೊದಲು ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. ಆಮೇಲೆ ಮೂವರ ಸಮಿತಿಯ ತನಿಖೆ. ಅದಾದ ಮೇಲೆ ಎರಡೂ ಸದನಗಳಲ್ಲಿ ಮತ ಹಾಕಿದವರ ಮೂರನೇ ಎರಡು ಭಾಗ, ಜೊತೆಗೆ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪರವಾಗಿರಬೇಕು. ಮುಖ್ಯ ಚುನಾವಣಾ ಆಯುಕ್ತರಿಗೂ ಇದೇ ದಾರಿ. ಅಧಿಕಾರದಲ್ಲಿರುವವರು ಸಿಟ್ಟು ಬಂದಾಗಲೆಲ್ಲ ಇವರನ್ನು ಕಿತ್ತು ಹಾಕಬಾರದು ಅಂತಲೇ ಇದನ್ನು ಇಷ್ಟು ಬಿಗಿ ಮಾಡಿದ್ದು. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧ ಗೊತ್ತುವಳಿ ಲೋಕಸಭೆಗೆ ಬಂತು. ತನಿಖಾ ಸಮಿತಿ ಹಲವು ಆರೋಪ ಸಾಬೀತಾಗಿವೆ ಅಂದಿತ್ತು. ಪರವಾಗಿ 196 ಮತ ಬಿತ್ತು, ವಿರುದ್ಧ ಒಂದೂ ಬೀಳಲಿಲ್ಲ. ಕಾಂಗ್ರೆಸ್ ಮತ್ತು ಅದರ ಜೊತೆಗಿದ್ದವರು, ಒಟ್ಟು 205 ಮಂದಿ, ಮತವನ್ನೇ ಹಾಕಲಿಲ್ಲ. ಗೊತ್ತುವಳಿ ಬಿದ್ದುಹೋಯಿತು. ಸುಮ್ನೆ ಕೂತರೂ ಅದು ಒಂದು ತೀರ್ಮಾನವೇ ಅಲ್ವಾ?

ಆದರೆ ನಮ್ಮ 75 ವರ್ಷದ ಷರತ್ತು ತೆಗೆಯಲು ಮೂರನೇ ಎರಡು ಭಾಗ ಬೇಕಾಗಿಲ್ಲ. ಅದಕ್ಕೆ ಸಾಮಾನ್ಯ ತಿದ್ದುಪಡಿ ಮಸೂದೆ ಸಾಕು, ಹಾಜರಿದ್ದು ಮತ ಹಾಕುವವರ ಬಹುಮತ ಸಾಕು. ಇಷ್ಟು ವರ್ಷವಾದರೂ ಅದು ಹಾಗೇ ಉಳಿದಿರುವುದು ನನಗೆ ಸಹಿಸಲಾಗದ ಮಾತು. ಸರ್ಕಾರ ತರದಿದ್ದರೆ ಉತ್ತರ ಕನ್ನಡದ ಸಂಸದರು ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತಾವೇ ತರುವ ಮಸೂದೆ, ಮಂಡಿಸಬಹುದು. ಅಂಥ ಮಸೂದೆ ಪಾಸಾಗುವುದು ಬಹಳ ಅಪರೂಪ, ಕೊನೆಯದು ಪಾಸಾದದ್ದು 1970ರಲ್ಲಿ, ನಿಜ. ಆದರೂ ಚರ್ಚೆಗೆ ಬಂದರೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಬೇಕಾಗುತ್ತದೆ, ಅದು ಕಡತಕ್ಕೆ ಸೇರುತ್ತದೆ. ಯಾವ ಪಕ್ಷದವರೇ ಆಗಲಿ, ಮತ ಕೇಳಲು ಬಂದಾಗ ಈ ಒಂದು ವಿಷಯ ಕೇಳಿ, ಬರೆದು ಕೊಡಿ ಅನ್ನಿ.

ಎ.ಸಿ. ಕಚೇರಿಯಲ್ಲಿ ಕೇಳಬೇಕಾದದ್ದು ಬೇರೆ. ಕಾಯ್ದೆಯ ನಿಯಮ 13ರ ಪ್ರಕಾರ ಸರ್ಕಾರಿ ಕಾಗದ ಮಾತ್ರ ಸಾಕ್ಷಿ ಅಲ್ಲ. ಹಳೇ ಬಾವಿ, ಮನೆ, ಒಡ್ಡು, ಸಮಾಧಿ, ದೇವರ ಬನ, ಅರ್ಜಿದಾರರಲ್ಲದ ಊರ ಹಿರಿಯರ ಲಿಖಿತ ಹೇಳಿಕೆ, ಇವೂ ನಡೆಯುತ್ತವೆ. ನಿಮ್ಮ ಕೇರಿಯಲ್ಲಿ ತುಂಬಾ ವಯಸ್ಸಾದ ಅಜ್ಜ, ಅಜ್ಜಿ ಇದ್ದರೆ ಅವರ ಹೇಳಿಕೆಯನ್ನು ಈ ಮಳೆಗಾಲಕ್ಕೆ ಮುಂಚೆಯೇ ಬರೆಸಿ, ಸಹಿ ಹಾಕಿಸಿ ಗ್ರಾಮ ಅರಣ್ಯ ಹಕ್ಕು ಸಮಿತಿಗೆ ಕೊಡಿ.