1985ರಲ್ಲೇ ನಿಂತುಬಿಟ್ಟ 7.5 ಲಕ್ಷ ಡಾಲರ್

ಅಮೆರಿಕದ ಹೆದ್ದಾರಿಯಲ್ಲಿ ಲೋಡ್ ಆದ ಸೆಮಿ ಟ್ರಕ್, ಅಂದರೆ ಹಿಂದೆ ಉದ್ದದ ಟ್ರೇಲರ್ ಎಳೆಯುವ ದೊಡ್ಡ ಲಾರಿ, 80,000 ಪೌಂಡ್ ತನಕ ತೂಗಬಹುದು. ಅಂದರೆ ಸುಮಾರು 36 ಟನ್. ಅಂಥ ಟ್ರಕ್ಕಿನಲ್ಲಿ ಬೇರೆಯವರ ಸಾಮಾನ್ಯ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವ ಕಂಪನಿಗೆ ಫೆಡರಲ್ ಕಾನೂನು ಹೇಳುವ ಕನಿಷ್ಠ ಥರ್ಡ್ ಪಾರ್ಟಿ ವಿಮೆ 7.5 ಲಕ್ಷ ಡಾಲರ್. ಅದೂ ತಲಾ ಅಲ್ಲ, ಇಡೀ ಅಪಘಾತಕ್ಕೆ. ಗಾಯವಾದವರು ಒಬ್ಬರೇ ಇರಲಿ, ಐದು ಕಾರಿನ ತುಂಬ ಜನ ಇರಲಿ, ಅಷ್ಟರಲ್ಲೇ ಹಂಚಿಕೊಳ್ಳಬೇಕು.

ನಾನು ಟೆಕ್ಸಸ್‌ನಲ್ಲಿ ಟ್ರಕ್ ಪಾಲಿಸಿಗಳನ್ನೇ ನೋಡಿಕೊಳ್ಳುವ ಏಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ. ಈ ಮೊತ್ತ ಸಾಲುವುದಿಲ್ಲ. ಇದನ್ನು ಹೆಚ್ಚಿಸಲೇಬೇಕು.

ಇದರ ಬೇರು 1980ರ ಮೋಟಾರ್ ಕ್ಯಾರಿಯರ್ ಕಾಯ್ದೆಯಲ್ಲಿದೆ. ಅಲ್ಲಿಯವರೆಗೆ ಯಾರು ಯಾವ ದಾರಿಯಲ್ಲಿ, ಯಾವ ದರಕ್ಕೆ ಸರಕು ಸಾಗಿಸಬೇಕು ಅನ್ನುವುದಕ್ಕೂ ಸರ್ಕಾರದ ಕಟ್ಟುಪಾಡು ಇತ್ತು. ಆ ಕಾಯ್ದೆ ಅದನ್ನೆಲ್ಲ ಸಡಿಲಿಸಿತು. ಹೊಸಬರು ತುಂಬಾ ಜನ ಈ ವ್ಯಾಪಾರಕ್ಕೆ ಇಳಿಯುತ್ತಾರೆ, ಹಾಗಾಗಿ ಅಪಘಾತವಾದರೆ ಜನರ ಕೈಗೆ ಹಣ ಸಿಗುವ ಖಾತ್ರಿ ಬೇಕು ಅಂತ ಅದೇ ಕಾಯ್ದೆಯಲ್ಲಿ ವಿಮೆಯ ಕನಿಷ್ಠ ಮಿತಿಯೂ ಬಂತು. ಮೊದಲು 5 ಲಕ್ಷ ಇತ್ತು, 1985ರಿಂದ 7.5 ಲಕ್ಷ. ಆಮೇಲೆ ಒಂದು ಡಾಲರ್ ಕೂಡ ಏರಿಲ್ಲ. ಬೆಲೆ ಏರಿಕೆಯ ಲೆಕ್ಕ ಹಾಕಿದರೆ ಅದು ಇವತ್ತು 20 ಲಕ್ಷ ಡಾಲರ್ ದಾಟಬೇಕಿತ್ತು. ಆಸ್ಪತ್ರೆ ಖರ್ಚಂತೂ ಉಳಿದ ಬೆಲೆಗಳಿಗಿಂತ ಜೋರಾಗಿ ಏರಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದ ಒಬ್ಬ ಯುವಕನ ಜೀವನಪೂರ್ತಿ ಆರೈಕೆಗೆ 7.5 ಲಕ್ಷ ಎಲ್ಲಿಗೆ ಸಾಕು ಹೇಳಿ?

ತೈಲ ಸಾಗಿಸುವ ಟ್ರಕ್ಕಿಗೆ 10 ಲಕ್ಷ, ಕೆಲವು ತೀರಾ ಅಪಾಯಕಾರಿ ಸರಕಿಗೆ 50 ಲಕ್ಷ. 16 ಅಥವಾ ಹೆಚ್ಚು ಸೀಟಿನ ಬಸ್ಸಿಗೂ 50 ಲಕ್ಷ ಬೇಕು. ಬಸ್ಸಿನೊಳಗೆ ಕೂತವರಿಗೆ ಸರಿ. ಆದರೆ ಟ್ರಕ್ಕಿನ ಪಕ್ಕದ ಲೇನಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರ ಪ್ರಾಣಕ್ಕೂ ಬೆಲೆ ಇದೆ ಅಲ್ವಾ?

ಈ ವ್ಯವಸ್ಥೆಯಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾಗುವ ಒಂದು ಭಾಗ ಇದೆ. ಎಂಸಿಎಸ್-90 ಅಂತ ಪಾಲಿಸಿಗೆ ಸೇರಿಸುವ ಒಂದು ಹಾಳೆ. ಪಾಲಿಸಿಯಲ್ಲಿ ಆ ಟ್ರಕ್ಕಿನ ಹೆಸರೇ ಇಲ್ಲದಿದ್ದರೂ, ಮಾಲೀಕ ಷರತ್ತು ಮುರಿದಿದ್ದರೂ, ಕೋರ್ಟು ಅವನ ಮೇಲೆ ಹೊರಿಸಿದ ಪರಿಹಾರವನ್ನು ಕನಿಷ್ಠ ಮಿತಿಯ ತನಕ ವಿಮಾ ಕಂಪನಿ ಮೊದಲು ಕೊಡಬೇಕು. ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು. ನಮ್ಮ ದೇಶದ ಕೋರ್ಟುಗಳು ಮೋಟಾರು ಅಪಘಾತದ ಕೇಸುಗಳಲ್ಲಿ 'ಮೊದಲು ಕೊಡಿ, ಆಮೇಲೆ ವಸೂಲಿ ಮಾಡಿ' ಅಂತ ಆದೇಶ ಮಾಡುತ್ತವಲ್ಲ, ಹೆಚ್ಚುಕಡಿಮೆ ಅದೇ ದಾರಿ. ಆದರೆ ಭಾರತದ ಥರ್ಡ್ ಪಾರ್ಟಿ ವಿಮೆಯಲ್ಲಿ ಸಾವು, ಗಾಯದ ಪರಿಹಾರಕ್ಕೆ ಇಂಥ ಮೇಲ್ಮಿತಿ ಇಲ್ಲ. ಅಮೆರಿಕದಲ್ಲಿ ಮಿತಿ ಮುಗಿದ ಮೇಲೆ ಉಳಿದದ್ದನ್ನು ಟ್ರಕ್ ಕಂಪನಿಯಿಂದ ಕೇಳಬೇಕು. ಆ ಕಂಪನಿಗೆ ಸಾಲದಲ್ಲಿ ಕೊಂಡ ಒಂದೇ ಟ್ರಕ್ ಇದ್ದರೆ ಏನು ಸಿಗುತ್ತದೆ? ಕಂಪನಿ ಮುಚ್ಚಿ, ಬೇರೆ ಹೆಸರಲ್ಲಿ ಮತ್ತೆ ಶುರು ಮಾಡುವವರೂ ಇದ್ದಾರೆ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಭೀಕರ ಅಪಘಾತಗಳಿಗೆ ಈಗಿನ ಮಿತಿ ಸಾಲದು ಅಂತ ಟ್ರಕ್ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಂಸಿಎಸ್‌ಎ ಇಲಾಖೆಯೇ 2014ರಲ್ಲಿ ಸಂಸತ್ತಿಗೆ ವರದಿ ಕೊಟ್ಟಿತು. ಅದೇ ವರ್ಷ ನಿಯಮ ಬದಲಿಸುವ ಕೆಲಸವನ್ನೂ ಶುರು ಮಾಡಿತು. 2017ರಲ್ಲಿ ಕೈಬಿಟ್ಟಿತು. 2021ರಲ್ಲಿ ಕೆಳಮನೆ ಒಪ್ಪಿದ ಮಸೂದೆಯಲ್ಲಿ 20 ಲಕ್ಷ ಅಂತ ಇತ್ತು. ಕೊನೆಗೆ ಕಾನೂನಾದ ಮೂಲಸೌಕರ್ಯ ಕಾಯ್ದೆಯಲ್ಲಿ ಆ ಸಾಲು ಉಳಿಯಲಿಲ್ಲ.

ಸ್ವಂತ ಟ್ರಕ್ ಇಟ್ಟುಕೊಂಡ ಚಾಲಕರ ಸಂಘಟನೆ ಓಓಐಡಿಎ ಮಿತಿ ಹೆಚ್ಚಿಸುವುದನ್ನು ಬಲವಾಗಿ ವಿರೋಧಿಸುತ್ತದೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೊಸದಾಗಿ ಪರವಾನಗಿ ಪಡೆದವನಿಗೆ ಪ್ರೀಮಿಯಂ ಎಷ್ಟು ಭಾರ ಅಂತ ನಾನು ದಿನವೂ ನೋಡುತ್ತೇನೆ. ಹೆಚ್ಚಿನ ಅಪಘಾತಗಳು ಈಗಿನ ಮಿತಿಯೊಳಗೇ ಮುಗಿಯುತ್ತವೆ ಅನ್ನುವುದೂ ನಿಜ. ಆದರೆ ವಿಮೆ ಇರುವುದೇ ಹಾಗೆ ಸುಲಭವಾಗಿ ಮುಗಿಯದ ಕೆಟ್ಟ ದಿನಕ್ಕೆ. ಲೋಡ್ ಕೊಡುವ ಬ್ರೋಕರ್‌ಗಳು ಈಗಲೇ ಸಾಮಾನ್ಯವಾಗಿ 10 ಲಕ್ಷದ ಪಾಲಿಸಿ ಕೇಳುತ್ತಾರೆ. ಹಾಗಾಗಿ ಕಾನೂನಿನ ಮಿತಿಯನ್ನು ಮೊದಲು 10 ಲಕ್ಷಕ್ಕೆ ತಂದರೆ ಹೆಚ್ಚಿನವರಿಗೆ ಹೊಸ ಹೊರೆ ಬೀಳುವುದಿಲ್ಲ. ಅಲ್ಲಿಂದ ಕೆಲವು ವರ್ಷಗಳಲ್ಲಿ ಹಂತ ಹಂತವಾಗಿ 20 ಲಕ್ಷಕ್ಕೆ ಏರಿಸಲಿ. ಆಮೇಲೆ ಬೆಲೆ ಏರಿಕೆಯ ಜೊತೆ ತಾನಾಗಿ ಏರುವಂತೆ ಕಟ್ಟಲಿ. ಜಾಸ್ತಿಯಾದ ಪ್ರೀಮಿಯಂ ಸಾಗಣೆ ದರದಲ್ಲಿ ಸೇರಲಿ. ಅಂಗಡಿಯಲ್ಲಿ ನಾವೆಲ್ಲ ನಾಲ್ಕು ಕಾಸು ಹೆಚ್ಚು ಕೊಡೋಣ. ಗಾಯವಾದ ಒಂದು ಕುಟುಂಬವೇ ಎಲ್ಲವನ್ನೂ ಹೊರುವುದಕ್ಕಿಂತ ಅದು ನ್ಯಾಯ.

ಅದು ಆಗುವ ತನಕ, ಇಲ್ಲಿ ಕಾರು ಓಡಿಸುವ ನಮ್ಮವರಿಗೆ ಒಂದು ಮಾತು. ನಿಮ್ಮ ಸ್ವಂತ ಕಾರಿನ ಪಾಲಿಸಿ ತೆಗೆದು ನೋಡಿ. ಗುದ್ದಿದವರ ವಿಮೆ ಸಾಲದಿದ್ದಾಗ ನಿಮಗೆ ಕೊಡುವ 'ಅಂಡರ್‌ಇನ್ಶೂರ್ಡ್ ಮೋಟರಿಸ್ಟ್' ಭಾಗ ಇದೆಯಾ, ಎಷ್ಟಿದೆ? ಕಾರು, ಮನೆ ವಿಮೆಯ ಮಿತಿಯ ಮೇಲೆ ಹೆಚ್ಚುವರಿಯಾಗಿ ತೆಗೆದುಕೊಳ್ಳುವ ಅಂಬ್ರೆಲಾ ಪಾಲಿಸಿ ಇದೆ ಅಂತ ಸುಮ್ನೆ ಧೈರ್ಯವಾಗಿರಬೇಡಿ. ಅದು ಸಾಮಾನ್ಯವಾಗಿ ನೀವು ಬೇರೆಯವರಿಗೆ ಕೊಡಬೇಕಾದ್ದಕ್ಕೆ ಮಾತ್ರ. ಈ ಭಾಗವನ್ನು ಅದಕ್ಕೆ ಬೇರೆಯಾಗಿ ಸೇರಿಸಬಹುದಾ ಅಂತ ಏಜೆಂಟ್ ಹತ್ತಿರ ಇದೇ ವಾರ ಕೇಳಿ.