ಹಿಕ್ಕೆಯ ಬೊಕ್ಕಸ, ಮುಂಗಡದ ಮಂತ್ರಿಗಳು

ನಮ್ಮ ತಾರಸಿಯ ಮೇಲೆ ಒಂದು ಗುಲಾಬಿ ಗಿಡವಿದೆ. ಮೂರು ವರ್ಷದಿಂದ ಮುಳ್ಳು ಬಿಡುವುದನ್ನು ಬಿಟ್ಟರೆ ಬೇರೇನನ್ನೂ ಬಿಟ್ಟಿಲ್ಲ. ಕಳೆದ ಭಾನುವಾರ ನರ್ಸರಿಯ ಹುಡುಗ ನನ್ನ ಮುಖ ನೋಡಿದವನೇ, ಈ ಗಿರಾಕಿ ಚೌಕಾಸಿ ಮಾಡುವ ಪೈಕಿಯಲ್ಲ ಎಂದು ತೀರ್ಮಾನಿಸಿ, ಮಿರಮಿರ ಮಿಂಚುವ ಪೊಟ್ಟಣವೊಂದನ್ನು ಕೈಗಿಟ್ಟ. ಬಂಡೆಯ ಮೇಲೆ ಕುಳಿತ ಕಡಲ ಹಕ್ಕಿಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಗ್ವಾನೊ’. ಮನೆಗೆ ಬಂದಾಗ ಹೆಂಡತಿ ಬೆಲೆ ನೋಡಿ, “ಏನಿದು?” ಎಂದಳು. “ಹಕ್ಕಿಯ ಹಿಕ್ಕೆ” ಎಂದೆ. “ಬಾದಾಮಿಯ ಬೆಲೆಗೆ ಹಿಕ್ಕೆ ತಂದಿರಾ? ನೀರಿನ ಟ್ಯಾಂಕಿನ ಮೇಲೆ ಪಾರಿವಾಳಗಳು ದಿನವೂ ಬಿಟ್ಟಿ ಹಾಕುತ್ತಿವೆಯಲ್ಲ, ಅದೇನು ಪಾಪ ಮಾಡಿತ್ತು?”

ಉತ್ತರ ನನ್ನಲ್ಲಿರಲಿಲ್ಲ. ಆದರೆ ಹಿಕ್ಕೆಯನ್ನು ಬಾದಾಮಿಯ ಬೆಲೆಗೆ ಮಾರಿ ಒಂದಿಡೀ ದೇಶವನ್ನು ನಡೆಸಿದ ಮಹಾನುಭಾವರು ನೆನಪಾಗಿ, ನನ್ನ ಮೇಲೆ ನನಗೇ ಸ್ವಲ್ಪ ಗೌರವ ಬಂತು. ಹತ್ತೊಂಬತ್ತನೇ ಶತಮಾನದ ಪೆರು ದೇಶದ ಮಂತ್ರಿಗಳು ಅವರು. ಗ್ವಾನೊ ಎಂದರೆ ಗೊಬ್ಬರವಾಗಿ ಬಳಸುವ ಕಡಲ ಹಕ್ಕಿಗಳ ಹಿಕ್ಕೆ. ಪಿಸ್ಕೊ ಊರಿನ ಎದುರಿಗೆ ಕಡಲಲ್ಲಿ ಚಿಂಚಾ ಎಂಬ ಮೂರು ಬೋಳು ದ್ವೀಪಗಳು. ಮಳೆ ಇಲ್ಲ, ಮರವಿಲ್ಲ, ಹುಲ್ಲುಕಡ್ಡಿಯೂ ಇಲ್ಲ. ಸುತ್ತಲಿನ ತಣ್ಣೀರಿನಲ್ಲಿ ಲೆಕ್ಕವಿಲ್ಲದಷ್ಟು ಮೀನು. ಹಕ್ಕಿಗಳು ಮೀನು ತಿಂದವು, ಬಂಡೆಯ ಮೇಲೆ ಕುಳಿತವು, ಮಾಡಬೇಕಾದ್ದನ್ನು ಮಾಡಿದವು. ತೊಳೆದುಹಾಕಲು ಮಳೆ ಬರಲಿಲ್ಲವಾದ್ದರಿಂದ ಕೆಲವು ಕಡೆ ಮೂವತ್ತು ಮೀಟರಿಗೂ ಎತ್ತರ ಬೆಳೆಯಿತು. ಇಂಗ್ಲೆಂಡಿನ ಟರ್ನಿಪ್ ಗೆಡ್ಡೆಗಳಿಗೆ ಇದರ ರುಚಿ ಹತ್ತಿದ್ದೇ ತಡ, 1840ರಿಂದ ಪೆರುವಿಗೆ ಶುಕ್ರದೆಸೆ. 1860ರ ದಶಕಕ್ಕೆ ಬೊಕ್ಕಸದ ಮುಕ್ಕಾಲು ಪಾಲು ಬರುತ್ತಿದ್ದುದು ಹಕ್ಕಿಗಳ ಹಿಂಬದಿಯಿಂದ.

ಇಷ್ಟು ಉಪಕಾರ ಮಾಡಿದ ಹಕ್ಕಿಗೆ ಆ ದೇಶದ ಲಾಂಛನದಲ್ಲಿ ಜಾಗವಿಲ್ಲ ಎಂಬುದು ನನಗೆ ಯಾವಾಗಲೂ ಬೇಸರ ತರಿಸುವ ಸಂಗತಿ. 1825ರಲ್ಲಿ ಮಾಡಿದ ಲಾಂಛನವದು. ಒಂದು ವಿಕುನ್ಯಾ ಪ್ರಾಣಿ, ಒಂದು ಸಿಂಕೋನಾ ಮರ, ಕೆಳಗೊಂದು ಕೊಂಬು. ಕೊಂಬಿನಿಂದ ಚಿನ್ನದ ನಾಣ್ಯಗಳು ಸುಮ್ಮನೆ ಸುರಿಯುತ್ತಿವೆ. ಆಮೇಲೆ ಬಂದ ಮಂತ್ರಿಗಳು ಈ ಮೂರನೆಯ ಚಿತ್ರವನ್ನು ಮಾತ್ರ ಗಂಭೀರವಾಗಿ ತೆಗೆದುಕೊಂಡಂತೆ ಕಾಣುತ್ತದೆ.

ವ್ಯವಸ್ಥೆ ಹೀಗಿತ್ತು. ಗ್ವಾನೊ ಸರ್ಕಾರದ್ದು, ಹಡಗಿಗೆ ತುಂಬಿ ಯುರೋಪಿನಲ್ಲಿ ಮಾರುವವರು ಗುತ್ತಿಗೆಯ ವ್ಯಾಪಾರಿಗಳು. ಮಾರಾಟವಾಗಿ ಹಣ ಬರುವಷ್ಟು ದಿನ ಕಾಯುವ ತಾಳ್ಮೆ ಹಣಕಾಸು ಮಂತ್ರಿಗೆ ಎಲ್ಲಿಂದ ಬರಬೇಕು? ಸಂಬಳ ಕೊಡಬೇಕು, ದಂಗೆ ಅಡಗಿಸಬೇಕು, ದಂಗೆ ಅಡಗಿಸಿದವರು ತಾವೇ ದಂಗೆ ಏಳದಂತೆ ನೋಡಿಕೊಳ್ಳಬೇಕು. ಹಾಗಾಗಿ ಮುಂಗಡ. ವ್ಯಾಪಾರಿ ಮುಂಗಡ ಕೊಡುತ್ತಿದ್ದ, ಅದಕ್ಕೆ ಬಡ್ಡಿ ಹಾಕುತ್ತಿದ್ದ. ಆ ಮುಂಗಡದ ಹಣ ಬಹಳ ಸಲ ಹಿಂದಿನ ಹಡಗಿನ ಗ್ವಾನೊ ಮಾರಿ ಬಂದದ್ದು, ಅಂದರೆ ಸರ್ಕಾರದ್ದೇ. ತನ್ನ ದುಡ್ಡನ್ನೇ ತಾನು ಬಡ್ಡಿಗೆ ಪಡೆದು, ಪಡೆದದ್ದಕ್ಕೆ ಧನ್ಯವಾದ ಹೇಳುವ ಸರ್ಕಾರ. ನಮ್ಮ ಚೀಟಿ ವ್ಯವಹಾರದವರಿಗೂ ಇಂಥದ್ದು ಹೊಳೆದಿರಲಿಕ್ಕಿಲ್ಲ.

ಈ ಕಲೆ ತುತ್ತತುದಿ ಮುಟ್ಟಿದ್ದು ಕರ್ನಲ್ ಹೊಸೆ ಬಾಲ್ಟಾ ಅಧ್ಯಕ್ಷರಾಗಿದ್ದಾಗ, 1868ರಿಂದ 1872ರವರೆಗೆ. ಅವರ ಮೊದಲ ಹಣಕಾಸು ಮಂತ್ರಿ ಫ್ರಾನ್ಸಿಸ್ಕೊ ಗಾರ್ಸಿಯಾ ಕಾಲ್ದೆರೋನ್. ದೇಶದ ಕಾನೂನುಗಳಿಗೇ ನಿಘಂಟು ಬರೆದ ಪಂಡಿತರು. ಕಾನೂನು ಗೊತ್ತಿದ್ದವರು ಆ ಖಾತೆಯಲ್ಲಿ ಎಷ್ಟು ದಿನ ಬಾಳಬಹುದೋ ಅಷ್ಟೇ ದಿನ ಬಾಳಿದರು, ಕೆಲವೇ ತಿಂಗಳು. 1869ರ ಆರಂಭದಲ್ಲಿ ಅವರ ಜಾಗಕ್ಕೆ ಬಂದವರು ನಿಕೊಲಾಸ್ ದೆ ಪಿಯೆರೊಲಾ. ಆಗಷ್ಟೇ ಮೂವತ್ತು ತುಂಬಿದ ತರುಣ. ಪಾದ್ರಿಗಳ ಗುರುಕುಲದಲ್ಲಿ ಓದಿದ್ದರು, ಪತ್ರಿಕೆ ನಡೆಸಿದ್ದರು, ವ್ಯಾಪಾರ ಮಾಡಿದ್ದರು. ಒಂದು ದೇಶದ ಖಜಾನೆ ನೋಡಿಕೊಳ್ಳಲು ಇನ್ನೇನು ಬೇಕು?

ಪಿಯೆರೊಲಾ ಎಂಥ ಧೀರರೆಂದರೆ, ರಾಜಧಾನಿ ಲಿಮಾದ ವ್ಯಾಪಾರಿಗಳ ಹತ್ತಾರು ಸಣ್ಣ ಮುಂಗಡಗಳನ್ನು ಬದಿಗೆ ತಳ್ಳಿ ಒಂದೇ ಒಂದು ದೊಡ್ಡ ಮುಂಗಡ ತಂದರು. ಪ್ಯಾರಿಸ್ಸಿನ ಅಗಸ್ಟ್ ಡ್ರೈಫಸ್ ಎಂಬ ವ್ಯಾಪಾರಿಗೆ 20 ಲಕ್ಷ ಟನ್ ಗ್ವಾನೊ ಮಾರುವ ಒಪ್ಪಂದ, 1869. ಬದಲಿಗೆ ಮೊದಲು 24 ಲಕ್ಷ ಸೋಲ್ (ಪೆರುವಿನ ನಾಣ್ಯ), ಆಮೇಲೆ ತಿಂಗಳು ತಿಂಗಳೂ 7 ಲಕ್ಷ, ಜೊತೆಗೆ ವಿದೇಶಿ ಸಾಲದ ಕಂತಿನ ಹೊಣೆ. ಲಿಮಾದ ವ್ಯಾಪಾರಿಗಳು ‘ಮಣ್ಣಿನ ಮಕ್ಕಳಿಗೆ ಅನ್ಯಾಯ’ ಎಂದು ಎದೆ ಬಡಿದುಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಮಣ್ಣಿನದಲ್ಲ, ಹಿಕ್ಕೆಯ ಮಕ್ಕಳು ಎನ್ನಬೇಕು, ಇರಲಿ. ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಸರ್ಕಾರ ತೀರ್ಪನ್ನು ಗೌರವದಿಂದ ಓದಿ, ಗೌರವದಿಂದ ಮಡಚಿಟ್ಟು, ಒಪ್ಪಂದ ಮುಂದುವರಿಸಿತು. 1870ರಲ್ಲಿ ಸಂಸತ್ತು ಅದಕ್ಕೆ ಅಸ್ತು ಎಂದಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಹಳೆಯ ವ್ಯಾಪಾರಿಗಳ ಬಾಯಿಂದ ಖಜಾನೆಯನ್ನು ಕಿತ್ತುಕೊಂಡದ್ದು ತಪ್ಪೇನಲ್ಲ. ತಪ್ಪಿದ್ದು ಆಮೇಲೆ. ತಿಂಗಳಿಗೆ 7 ಲಕ್ಷ ಖಾತ್ರಿಯಾಗಿ ಬರುತ್ತದೆ ಎಂದ ಮೇಲೆ ಅದರ ಆಧಾರದ ಮೇಲೆ ಇನ್ನೂ ಸಾಲ ಸಿಗುತ್ತದಲ್ಲ! 1870ರಲ್ಲಿ ಲಂಡನ್ನಿನಲ್ಲಿ ಸುಮಾರು 1.2 ಕೋಟಿ ಪೌಂಡ್ ಎತ್ತಿದರು. 1872ರಲ್ಲಿ ಅದಕ್ಕಿಂತ ದೊಡ್ಡದನ್ನು ಎತ್ತಲು ಹೋದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಹಕ್ಕಿ ಇನ್ನೂ ಮೀನು ಹಿಡಿಯುವ ಮುಂಚೆಯೇ ಅದರ ಹಿಕ್ಕೆಯನ್ನು ಒತ್ತೆ ಇಟ್ಟವರು ಇವರೊಬ್ಬರೇ.

ಸಾಲ ಎಲ್ಲಿಗೆ ಹೋಯಿತು? ರೈಲಿಗೆ. ಹೆನ್ರಿ ಮೀಗ್ಸ್ ಎಂಬ ಅಮೆರಿಕದವನೊಬ್ಬ 1854ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೈತುಂಬ ಸಾಲ ಮಾಡಿ ರಾತ್ರೋರಾತ್ರಿ ಹಡಗು ಹತ್ತಿ ಓಡಿಬಂದಿದ್ದ. ಸಾಲದಲ್ಲಿ ಇಷ್ಟು ಅನುಭವವಿರುವವನನ್ನು ಬಿಟ್ಟು ಪೆರು ಸರ್ಕಾರ ಇನ್ಯಾರಿಗೆ ಗುತ್ತಿಗೆ ಕೊಡಬೇಕಿತ್ತು? ಯಾರ ಕೈ ಎಷ್ಟು ಬೆಚ್ಚಗಾದರೆ ಕಡತ ಎಷ್ಟು ದೂರ ನಡೆಯುತ್ತದೆ ಎಂಬ ಲೆಕ್ಕ ಅವನಿಗೆ ಹಳಿಯ ಅಳತೆಯಷ್ಟೇ ಖಚಿತವಾಗಿ ಗೊತ್ತಿತ್ತು. ಕಯಾವೊ ಬಂದರಿನಿಂದ ಆಂಡಿಸ್ ಪರ್ವತ ಹತ್ತಿ 4,700 ಮೀಟರಿಗೂ ಮೇಲೆ ಹೋಗುವ ರೈಲು ಹಾದಿ ಶುರುವಾಯಿತು. ಇಂಜಿನಿಯರುಗಳ ಕೆಲಸ ನಿಜಕ್ಕೂ ಅದ್ಭುತ, ಅದನ್ನು ಗೇಲಿ ಮಾಡಲಾರೆ. ಆದರೆ 1877ರಲ್ಲಿ ಮೀಗ್ಸ್ ಸತ್ತಾಗ ಹಳಿ ತನ್ನ ಗುರಿಯಾದ ಒರೋಯಾ ಊರನ್ನು ಮುಟ್ಟಿರಲಿಲ್ಲ. ಮುಟ್ಟಿದ್ದು 1893ರಲ್ಲಿ, ಆ ಹೊತ್ತಿಗೆ ರೈಲು ಪೆರುವಿನ ಕೈಯಲ್ಲಿ ಇರಲಿಲ್ಲ. ನಡುವೆ ಲಿಮಾ ನಗರದ ಸುತ್ತಲಿನ ಹಳೆಯ ಕೋಟೆಗೋಡೆ ಕೆಡವುವ ಗುತ್ತಿಗೆಯೂ ಮೀಗ್ಸನಿಗೇ ಸಿಕ್ಕಿತು. ಈ ಗೋಡೆಯನ್ನು ನೆನಪಿಟ್ಟುಕೊಂಡಿರಿ.

ಈಗ ಯುದ್ಧಮಂತ್ರಿಗಳ ವಿಷಯಕ್ಕೆ ಬರೋಣ. ಬಾಲ್ಟಾ ಅವರ ಅವಧಿ ಮುಗಿಯುವ ಕಾಲಕ್ಕೆ ಆ ಖಾತೆಯಲ್ಲಿದ್ದವರು ತೊಮಾಸ್ ಗುಟಿಯೆರೆಸ್. ಜೊತೆಗೆ ಮೂವರು ತಮ್ಮಂದಿರು, ಸಿಲ್ವೆಸ್ತ್ರೆ, ಮಾರ್ಸೆಲಿಯಾನೊ, ಮಾರ್ಸೆಲಿನೊ, ಎಲ್ಲರೂ ಕರ್ನಲ್‌ಗಳು. ಪಟಾಲಮ್ಮುಗಳು ಅವರ ಕೈಯಲ್ಲಿ. ಚುನಾವಣೆಯಲ್ಲಿ ಮಾನುವೆಲ್ ಪಾರ್ದೊ ಗೆದ್ದಿದ್ದರು. ಮಿಲಿಟರಿಯವನಲ್ಲದ ಒಬ್ಬ ಮನುಷ್ಯ ಅಧ್ಯಕ್ಷನಾಗುವುದು ಯುದ್ಧಮಂತ್ರಿಗೆ ಸಹಿಸಲಾರದ ಅಶಿಸ್ತಾಗಿ ಕಂಡಿತು. (ಪಾರ್ದೊ ಬೇರೆ, ಪ್ರಾದೊ ಬೇರೆ. ಪ್ರಾದೊ ಅಧ್ಯಕ್ಷನಾಗಿದ್ದಾಗ ಪಾರ್ದೊ ಹಣಕಾಸು ಮಂತ್ರಿ. ಆಮೇಲೆ ಪಾರ್ದೊ ಅಧ್ಯಕ್ಷ. ಅವನಾದ ಮೇಲೆ ಮತ್ತೆ ಪ್ರಾದೊ. ಒತ್ತಕ್ಷರ ಆಚೀಚೆಯಾದರೆ ಸರ್ಕಾರವೇ ಬದಲಾಗುತ್ತದೆ, ಓದುವವರು ಕನ್ನಡಕ ಒರೆಸಿಕೊಳ್ಳಬೇಕು.)

1872ರ ಜುಲೈ 22ರಂದು ಗುಟಿಯೆರೆಸ್ ತಮಗೆ ಮಂತ್ರಿಗಿರಿ ಕೊಟ್ಟ ಬಾಲ್ಟಾರನ್ನೇ ಬಂಧಿಸಿ, ತಾವೇ ಸರ್ವೋಚ್ಚ ನಾಯಕ ಎಂದು ಸಾರಿಕೊಂಡರು. ನೌಕಾಪಡೆ ಒಪ್ಪಲಿಲ್ಲ, ಹಡಗುಗಳು ಬಂದರು ಬಿಟ್ಟು ಹೊರಟವು. 26ರಂದು ತಮ್ಮ ಸಿಲ್ವೆಸ್ತ್ರೆಯನ್ನು ರೈಲು ನಿಲ್ದಾಣದಲ್ಲಿ ಜನ ಕೊಂದರು. ಆ ಬೆನ್ನಲ್ಲೇ ಸೆರೆಯಲ್ಲಿದ್ದ ಬಾಲ್ಟಾರನ್ನು ಗುಂಡಿಟ್ಟು ಕೊಲ್ಲಲಾಯಿತು. ಸರ್ವೋಚ್ಚ ನಾಯಕರು ವೇಷ ಮರೆಸಿಕೊಂಡು ಓಡಿ, ಒಂದು ಔಷಧಿ ಅಂಗಡಿ ಹೊಕ್ಕು, ಅಲ್ಲಿದ್ದ ಸ್ನಾನದ ತೊಟ್ಟಿಯೊಳಗೆ ಅಡಗಿ ಮಲಗಿದರಂತೆ. ತೊಟ್ಟಿಯೊಳಗೆ ಮುದುಡಿಕೊಂಡ ಯುದ್ಧಮಂತ್ರಿಯನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಿ. ನಗು ಬರುತ್ತದೆ. ಮುಂದಿನದಕ್ಕೆ ನಗು ಬರುವುದಿಲ್ಲ. ಜನ ಎಳೆದು ತಂದು ಕೊಂದರು, ಅಣ್ಣತಮ್ಮಂದಿರಿಬ್ಬರ ಹೆಣಗಳನ್ನು ಲಿಮಾದ ಕ್ಯಾಥೆಡ್ರಲಿನ ಗೋಪುರಗಳಿಂದ ತೂಗುಹಾಕಿದರು, ಆಮೇಲೆ ಸುಟ್ಟರು. ಅದೇ ಜುಲೈ ಮೊದಲ ತಾರೀಕು ಬಾಲ್ಟಾ ಅವರು ನಾಡಿನ ಪ್ರಗತಿ ತೋರಿಸುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನವನ್ನು ಅದೇ ಊರಿನಲ್ಲಿ ಉದ್ಘಾಟಿಸಿದ್ದರು.

ಎಲ್ಲ ಯುದ್ಧಮಂತ್ರಿಗಳೂ ತೊಟ್ಟಿ ಹುಡುಕಿದವರಲ್ಲ. ಆರು ವರ್ಷ ಹಿಂದೆ, 1866ರ ಮೇ 2ರಂದು, ಸ್ಪೇನಿನ ಹಡಗುಗಳು ಕಯಾವೊ ಬಂದರಿನ ಮೇಲೆ ಗುಂಡು ಸುರಿಸಿದಾಗ ಯುದ್ಧಮಂತ್ರಿ ಹೊಸೆ ಗಾಲ್ವೆಸ್ ಫಿರಂಗಿ ಬುರುಜಿನಲ್ಲಿ ನಿಂತು, ಅಲ್ಲೇ ಸ್ಫೋಟದಲ್ಲಿ ಸತ್ತರು. ಸ್ಪೇನಿನ ಆ ಜಗಳ ಎರಡು ವರ್ಷ ಮೊದಲು ಚಿಂಚಾ ದ್ವೀಪಗಳನ್ನು ವಶಪಡಿಸಿಕೊಳ್ಳುವುದರೊಂದಿಗೆ ಶುರುವಾಗಿತ್ತು. ಅಲ್ಲಿಗೆ ಅದೂ ಹಿಕ್ಕೆಯ ಬುಡಕ್ಕೇ ಬಂತು.

ಇಷ್ಟೊತ್ತು ತಮಾಷೆ ಮಾಡಿದೆ. ಆದರೆ ಆ ಮೂವತ್ತು ಮೀಟರ್ ಗುಡ್ಡವನ್ನು ಅಗೆದವರು ಯಾರು? ಮಂತ್ರಿಯೇ? ಡ್ರೈಫಸ್ಸೇ? 1849ರಲ್ಲಿ ಒಂದು ಕಾನೂನು ಬಂತು. ಚೀನಾದಿಂದ ಕೂಲಿಗಳನ್ನು ಹಡಗಿನಲ್ಲಿ ತಂದವನಿಗೆ ತಲೆಗೆ 30 ಪೆಸೊ ಬಹುಮಾನ. ಹತ್ತರಿಂದ ನಲವತ್ತು ವರ್ಷದೊಳಗಿನವರಾದರೆ ಸಾಕು. ಹತ್ತು ವರ್ಷ, ಸ್ವಾಮಿ! ಆ ಗುತ್ತಿಗೆ ಹಿಡಿದವರಲ್ಲಿ ಒಬ್ಬ ದೊಮಿಂಗೊ ಎಲಿಯಾಸ್, ಪಿಸ್ಕೊ ಕಡೆಯ ದ್ರಾಕ್ಷಿ ತೋಟಗಳ ಧಣಿ. ಚಿಂಚಾ ದ್ವೀಪದಲ್ಲಿ ಗ್ವಾನೊ ಅಗೆದು ಹಡಗಿಗೆ ತುಂಬಿಸುವ ಗುತ್ತಿಗೆಯೂ ಅವನದೇ. ಮುಂದೆ ಇದೇ ಎಲಿಯಾಸ್ ಹಣಕಾಸು ಮಂತ್ರಿಯೂ ಆದ. ಆಳು ತಂದವನು, ಆಳಿನಿಂದ ಅಗೆಸಿದವನು, ಅಗೆದದ್ದರ ಹಣದ ಲೆಕ್ಕ ಬರೆದವನು, ಎಲ್ಲ ಒಬ್ಬನೇ. ಕೂಲಿಗಳದು ಎಂಟು ವರ್ಷದ ಕರಾರು. ಅಮೋನಿಯದ ಧೂಳು ಕಣ್ಣು ಮೂಗು ಸುಡುತ್ತಿರುವಾಗ ಗುದ್ದಲಿ ಹಿಡಿದು ಗಾಡಿ ತುಂಬಬೇಕು, ತುಂಬದಿದ್ದರೆ ಚಾಟಿ. ತಾಳಲಾರದೆ ಕಡಿದಾದ ಬಂಡೆಯಿಂದ ಕಡಲಿಗೆ ಹಾರಿದವರಿದ್ದಾರೆ. 1874ರವರೆಗೆ ಪೆರುವಿಗೆ ಬಂದ ಚೀನೀ ಕೂಲಿಗಳು ಹತ್ತಿರ ಹತ್ತಿರ ಒಂದು ಲಕ್ಷ. ಅವರಲ್ಲಿ ಹೆಚ್ಚಿನವರು ಹೋದದ್ದು ಕಬ್ಬು, ಹತ್ತಿಯ ತೋಟಗಳಿಗೆ.

ಅದೇ ಕಾಲದಲ್ಲಿ, 1854ರಲ್ಲಿ, ಕರಿಯ ಗುಲಾಮರ ಬಿಡುಗಡೆಯಾಯಿತು. ಒಳ್ಳೆಯ ಕೆಲಸ. ಪರಿಹಾರವಾಗಿ ತಲೆಗೆ 300 ಪೆಸೊ, ಗ್ವಾನೊದ ದುಡ್ಡಿನಲ್ಲಿ. ಯಾರಿಗೆ ಎಂದಿರಾ? ಧಣಿಗಳಿಗೆ. ದುಡಿದು ಬೆನ್ನು ಮುರಿದುಕೊಂಡವನಿಗೆ ಸ್ವಾತಂತ್ರ್ಯ, ದುಡಿಸಿದವನಿಗೆ ಹಣ. ಓದುತ್ತಾ ಹೋದಂತೆ ವಿಡಂಬನೆ ಬರೆಯುವ ಹುಮ್ಮಸ್ಸೇ ಇಳಿಯುತ್ತದೆ. ಇದರಲ್ಲಿ ಉತ್ಪ್ರೇಕ್ಷೆ ಮಾಡಲು ಆ ಜನ ನನಗೆ ಏನನ್ನೂ ಉಳಿಸಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಒಳ್ಳೆಯ ಗ್ವಾನೊ ಮುಗಿಯಿತು, 1876ರಲ್ಲಿ ಪೆರು ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. 1879ರಲ್ಲಿ ಚಿಲಿಯೊಂದಿಗೆ ಯುದ್ಧ. ನೌಕಾಪಡೆ ಸೋತು, ಸೈನ್ಯ ದಕ್ಷಿಣದಲ್ಲಿ ಕಾದುತ್ತಿದ್ದಾಗ, ಡಿಸೆಂಬರ್ 18ರಂದು ಅಧ್ಯಕ್ಷ ಪ್ರಾದೊ (ಪಾರ್ದೊ ಅಲ್ಲ) ಯುದ್ಧದ ಹಡಗು ಖರೀದಿಸಿ ತರುತ್ತೇನೆಂದು ತಾವೇ ಹಡಗು ಹತ್ತಿ ವಿದೇಶಕ್ಕೆ ಹೊರಟರು. ಸಂತೆಗೆ ಹೋದ ಯಜಮಾನರು ಯುದ್ಧ ಮುಗಿಯುವವರೆಗೂ ಬರಲಿಲ್ಲ. ಐದು ದಿನದಲ್ಲಿ ಕುರ್ಚಿಯ ಮೇಲೆ ಕುಳಿತವರು ಯಾರು? ನಮ್ಮ ಪಿಯೆರೊಲಾ! ಸರ್ವೋಚ್ಚ ನಾಯಕ ಎಂಬ ಬಿರುದು ಸಾಲದೆಂದು 1880ರಲ್ಲಿ ‘ಮೂಲನಿವಾಸಿ ಜನಾಂಗದ ರಕ್ಷಕ’ ಎಂಬುದನ್ನೂ ತಮಗೆ ತಾವೇ ದಯಪಾಲಿಸಿಕೊಂಡರು. ಯುದ್ಧದ ನಟ್ಟನಡುವೆ ಸಮಯ ಮಾಡಿಕೊಂಡು ಡ್ರೈಫಸ್ಸಿನ ಹಳೆಯ ಬಾಕಿ ಸರಿ ಎಂದು ಒಪ್ಪಿಕೊಂಡರು. ಹಳೆಯ ಸ್ನೇಹ ಎಂದರೆ ಹಾಗಿರಬೇಕು.

ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತೇವೆ. 1881ರ ಜನವರಿಯಲ್ಲಿ ಚಿಲಿಯ ಸೈನ್ಯ ಲಿಮಾದೊಳಗೆ ಬಂದಾಗ ಹಾಕುವುದಕ್ಕೆ ಬಾಗಿಲೂ ಇರಲಿಲ್ಲ. ಗೋಡೆಯ ಜೊತೆಗೇ ಹೋಗಿತ್ತು.

ಪಿಯೆರೊಲಾ ಬೆಟ್ಟದ ಕಡೆ ಹೋದರು. ಆಗ ಅಧ್ಯಕ್ಷಗಿರಿ ಬಂದದ್ದು ಆ ಕಾನೂನು ಪಂಡಿತ ಗಾರ್ಸಿಯಾ ಕಾಲ್ದೆರೋನ್ ಅವರ ಪಾಲಿಗೆ. ನೆಲ ಬಿಟ್ಟುಕೊಡುವುದಿಲ್ಲ ಎಂದರು, ಚಿಲಿಯವರು ಹಿಡಿದುಕೊಂಡು ಹೋದರು. ಒಬ್ಬ ಬಾಲ್ಟಾರ ಕೈಕೆಳಗಿನ ಮಂತ್ರಿಗಳಿಂದ ಮೂವರು ರಾಷ್ಟ್ರದ ಮುಖ್ಯಸ್ಥರು. ಒಬ್ಬರು ನಾಲ್ಕು ದಿನ ಆಳಿ ಗೋಪುರಕ್ಕೆ ಏರಿದರು, ಒಬ್ಬರು ಸೆರೆಗೆ ಹೋದರು, ಒಬ್ಬರು 1895ರಲ್ಲಿ ಕುದುರೆ ಏರಿ ಲಿಮಾಕ್ಕೆ ಮರಳಿ ಚುನಾಯಿತ ಅಧ್ಯಕ್ಷರೇ ಆದರು. ಆ ಅವಧಿಯಲ್ಲಿ ಪಿಯೆರೊಲಾ ನಿಜಕ್ಕೂ ಚೊಕ್ಕವಾಗಿ ಆಡಳಿತ ನಡೆಸಿದರೆಂದು ಚರಿತ್ರೆಕಾರರು ಹೇಳುತ್ತಾರೆ. ನಡೆಸದೆ ಏನು ಮಾಡಿಯಾರು, ಮುಂಗಡಕ್ಕೆ ಇಡಲು ಏನೂ ಉಳಿದಿರಲಿಲ್ಲ. ಅವರು ಬರುವ ಮುಂಚೆಯೇ, 1889ರ ಒಪ್ಪಂದದಲ್ಲಿ, ಸಾಲ ಮನ್ನಾ ಮಾಡಿದ್ದಕ್ಕೆ ಪ್ರತಿಯಾಗಿ ರೈಲುಗಳು 66 ವರ್ಷಕ್ಕೆ ಸಾಲ ಕೊಟ್ಟವರ ಪಾಲಾಗಿದ್ದವು. ಜೊತೆಗೆ 30 ಲಕ್ಷ ಟನ್ನಿನವರೆಗೆ ಗ್ವಾನೊ.

ಇಷ್ಟನ್ನೂ ಹೆಂಡತಿಗೆ ಹೇಳಿದೆ. ಬೇಳೆ ಆರಿಸುತ್ತಾ ಕೇಳಿದಳು. “ಗಿಡಕ್ಕೆ ಹಾಕಿದಿರಾ?” ಎಂದಳಷ್ಟೆ. ಹಾಕಿದ್ದೆ. ಸಂಜೆ ಪಕ್ಕದ ಮನೆಯವರು ವಾಸನೆ ಹಿಡಿದು ಬಂದು, ತಮ್ಮ ದಾಸವಾಳಕ್ಕೂ ಒಂದು ಅರ್ಧ ಲೋಟ ಕೊಟ್ಟಿರುತ್ತೀರಾ, ಮುಂದಿನ ತಿಂಗಳು ಪೊಟ್ಟಣ ತಂದಾಗ ಹಿಂತಿರುಗಿಸುತ್ತೇವೆ ಎಂದರು. ಅಳೆದು ಕೊಟ್ಟೆ. ಬಡ್ಡಿಯ ಮಾತು ಎತ್ತಲಿಲ್ಲ.