ಕಂತು ಮುಂದೂಡಿದರೆ ದೂರು ತೀರಿತೇ?

ಆಳಂದ, ಜೇವರ್ಗಿ ಕಡೆ ಹೆಣ್ಣುಮಕ್ಕಳ ಗುಂಪಿಗೆ ಕಿರುಸಾಲ ಕಂಪನಿಗಳು ಕೊಡುವ ಸಾಲದ ಜಗಳ ಹೇಗೆ ಮುಗಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ವಸೂಲಿಗೆ ಬಂದವನು ಹೊತ್ತು ಮುಳುಗಿದರೂ ಕಟ್ಟೆ ಬಿಟ್ಟು ಏಳುವುದಿಲ್ಲ, ಓಣಿಗೆಲ್ಲ ಕೇಳುವಂತೆ ಹೆಸರು ಹಿಡಿದು ಬೈಯುತ್ತಾನೆ. ದೂರು ಹೋಗುತ್ತದೆ. ಮರುದಿನ ಬ್ರಾಂಚ್ ಮ್ಯಾನೇಜರ್ ಬಂದು ಎರಡು ಕಂತು ಮುಂದೂಡುತ್ತಾನೆ, ಹಿರಿಯರೊಬ್ಬರು ‘ಹೋಗ್ಲಿ ಬಿಡ್ರಿ’ ಅನ್ನುತ್ತಾರೆ, ಅರ್ಜಿ ವಾಪಸ್. ಬೈದವನು ಕೆಲವು ತಿಂಗಳಲ್ಲಿ ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಕಂಪನಿಯ ಬ್ಯಾಗು ಹೆಗಲಿಗೆ ಹಾಕಿರುತ್ತಾನೆ.

ನಾನಿರುವ ಮೆಲ್ಬರ್ನ್‌ನಲ್ಲಿ ಸಾಲದ ಬ್ರೋಕರ್ (ಗಿರಾಕಿಗೆ ಸಾಲ ಕೊಡಿಸುವ ಮಧ್ಯವರ್ತಿ) ಮೇಲಿನ ದೂರನ್ನು ಮೊದಲೇ ಎರಡಾಗಿ ಸೀಳುತ್ತಾರೆ. ದುಡ್ಡಿನ ತಕರಾರು ಒಂದು ದಾರಿ, ನಡತೆಯದು ಇನ್ನೊಂದು. ಹೆಚ್ಚು ಶುಲ್ಕ, ಹೊಂದದ ಸಾಲ ಇಂಥವಕ್ಕೆ ಉತ್ತರ ಕೊಡಲು ಕಂಪನಿಗೆ 30 ದಿನ. ಕಷ್ಟಕ್ಕೆ ಸಿಕ್ಕು ಕಂತು ಕಟ್ಟಲಾಗದವರ ದೂರಾದರೆ 21 ದಿನ. ಅದಕ್ಕೂ ಬಗ್ಗದಿದ್ದರೆ 2018ರ ನವೆಂಬರ್‌ನಲ್ಲಿ ಶುರುವಾದ ಆಫ್ಕಾ ಎಂಬ, ಹಣಕಾಸಿನ ದೂರು ಕೇಳುವ ಪ್ರಾಧಿಕಾರವಿದೆ. ದೂರುದಾರನಿಗೆ ಅಲ್ಲಿ ಖರ್ಚಿಲ್ಲ, ತೀರ್ಮಾನವನ್ನು ಅವನು ಒಪ್ಪಿದರೆ ಕಂಪನಿ ಒಪ್ಪಲೇಬೇಕು. ನಡತೆಯ ದೂರು ಹೋಗುವುದು ಬ್ರೋಕರ್ ಸದಸ್ಯನಾಗಿರುವ ಸಂಘಕ್ಕೆ, ಉದಾಹರಣೆಗೆ ಎಂಎಫ್‌ಎಎಗೆ. ಅಲ್ಲಿ ಪರಿಹಾರದ ಮಾತಿಲ್ಲ. ಸಹಿ ಹಾಕಿ ಒಪ್ಪಿಕೊಂಡ ನಿಯಮವನ್ನು ಮುರಿದನೋ ಇಲ್ಲವೋ, ಅಷ್ಟೇ ಪ್ರಶ್ನೆ. ಮುರಿದಿದ್ದರೆ ದಂಡ, ಅಮಾನತು, ಕೊನೆಗೆ ಸಂಘದಿಂದ ಹೊರಗೆ.

ಇಲ್ಲಿಯವರೇನು ಹುಟ್ಟಾ ಸಾಧುಗಳಲ್ಲ. ಬ್ಯಾಂಕುಗಳ ಬಣ್ಣ ಬಯಲಾದದ್ದು ರಾಯಲ್ ಕಮಿಷನ್ ಎಂಬ ಸರ್ಕಾರಿ ವಿಚಾರಣಾ ಆಯೋಗ ಕೂತಾಗ. ಅದರ ಅಂತಿಮ ವರದಿ 2019ರ ಫೆಬ್ರವರಿಯಲ್ಲಿ ಬಂತು. ಆಮೇಲೆ ಬಿಗಿಯಾದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು. 2021ರ ಅಕ್ಟೋಬರ್ 1ರಿಂದ ಗೃಹಸಾಲದ ಬ್ರೋಕರ್ ಒಬ್ಬನನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಸಂಸ್ಥೆ ಅವನ ಹಿಂದಿನ ಸಂಸ್ಥೆಯನ್ನು ನಡತೆಯ ಬಗ್ಗೆ ಕೇಳಲೇಬೇಕು, ಅದು ಹೇಳಲೇಬೇಕು. ಕಂಪನಿ ಬದಲಾದರೂ ಚರಿತ್ರೆ ಬೆನ್ನು ಬಿಡುವುದಿಲ್ಲ.

ನಮ್ಮ ಕಡೆ ನಿಯಮಕ್ಕೆ ಬರವಿಲ್ಲ. ಕಿರುಸಾಲ ಕಂಪನಿಗಳ ಸಂಘಗಳಾದ ಎಂಫಿನ್‌ಗೆ 2014ರಲ್ಲಿ, ಸಾ-ಧನ್‌ಗೆ 2015ರಲ್ಲಿ ಆರ್‌ಬಿಐ ಸ್ವಯಂ ನಿಯಂತ್ರಣ ಸಂಸ್ಥೆಯ (ತನ್ನ ಸದಸ್ಯರ ಮೇಲೆ ತಾನೇ ನಿಗಾ ಇಡುವ ಸಂಸ್ಥೆಯ) ಮಾನ್ಯತೆ ಕೊಟ್ಟಿತು. ಆದರೆ ಇವುಗಳ ಸದಸ್ಯರು ಕಂಪನಿಗಳು, ಬಾಗಿಲಿಗೆ ಬರುವ ಹುಡುಗ ಅಲ್ಲ. ಸಂಘ ಕಂಪನಿಯನ್ನು ಕೇಳುತ್ತದೆ, ಕಂಪನಿ ಬ್ರಾಂಚನ್ನು ಕೇಳುತ್ತದೆ, ಬ್ರಾಂಚಿನ ಮ್ಯಾನೇಜರ್‌ನ ತಿಂಗಳ ವಸೂಲಿ ಲೆಕ್ಕ ಅದೇ ಹುಡುಗನ ಕೈಯಲ್ಲಿರುತ್ತದೆ. ಮ್ಯಾನೇಜರ್ ಕೊಡುವ ವರದಿ ಹೇಗಿರಬಹುದು ನೀವೇ ಊಹಿಸಿ.

ದೂರು ಬಿದ್ದುಹೋಗುವುದಕ್ಕೆ ಇನ್ನೊಂದು ಕಾರಣ ಅದನ್ನು ಬರೆಯುವ ರೀತಿ. ‘ಭಾಳ ಕಾಟ ಕೊಟ್ಟಾರ್ರೀ’ ಅಂದರೆ ವಿಚಾರಣೆ ಮಾಡುವವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಬಿಐ ಕಿರುಸಾಲ ನಿಯಮ ಅಳತೆ ಹಾಕಿದಂತಿದೆ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ ಆಗಬೇಕು. ಸಾಲ ಪಡೆದವರು ಸತತ ಎರಡು ಸಲ ಆ ಜಾಗಕ್ಕೆ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಜೊತೆಗೆ ದುಡಿಯುವವರಿಗೆ ಕಿರುಕುಳ ಕೊಡುವಂತಿಲ್ಲ. ಹಾಗಾಗಿ ದೂರಿನಲ್ಲಿ ‘ಮೊದಲನೇ ಕಂತು ತಪ್ಪಿದ ಮರುದಿನವೇ ಮನೆಗೆ ಬಂದ, ಇಂಥ ತಾರೀಖು, ರಾತ್ರಿ 8 ಗಂಟೆ, ನೋಡಿದವರು ಇಂಥವರು’ ಎಂಬ ಒಂದು ಸಾಲು ಎರಡು ಪುಟದ ಗೋಳಿಗಿಂತ ಗಟ್ಟಿ. ಜೊತೆಗೆ ಸಾಲದ ಕಾರ್ಡಿನ ಎರಡೂ ಬದಿಯ ಫೋಟೊ, ಮೊಬೈಲಿನ ಕರೆಪಟ್ಟಿ, ಗುಂಪು ಸೇರಿ ಕಂತು ಕಟ್ಟುವ ಸೆಂಟರ್ ಮೀಟಿಂಗಿನ ದಿನ ಇರಲಿ. ಕರೆಪಟ್ಟಿ ಹಳೆಯದಾದರೆ ಅಳಿದುಹೋಗುತ್ತದೆ, ಮೊದಲ ವಾರವೇ ಫೋಟೊ ಹೊಡೆದಿಡಬೇಕು. ಹತ್ತು ಜನ ಹೆಬ್ಬೆಟ್ಟು ಒತ್ತಿದ ಒಂದೇ ಅರ್ಜಿ ನೋಡಲು ಭಾರ, ವಿಚಾರಣೆಯ ದಿನ ಹಗುರ. ಒಬ್ಬರು ಹಿಂದೆ ಸರಿದರೆ ಉಳಿದವರೂ ಸರಿಯುತ್ತಾರೆ. ಒಬ್ಬೊಬ್ಬರದು ಒಂದೊಂದು ಹಾಳೆ ಇರಲಿ.

ಯಾವ ಬಾಗಿಲು ಅನ್ನುವುದೂ ಮುಖ್ಯ. ಮೊದಲು ಕಂಪನಿಯ ಕುಂದುಕೊರತೆ ವಿಭಾಗ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಗಿರಾಕಿಗಳ ದೂರು ಕೇಳುವ ಅಧಿಕಾರಿ, ಅಂದರೆ ಆರ್‌ಬಿಐ ಓಂಬುಡ್ಸ್‌ಮನ್. ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು. ವಕೀಲರ ಕೈಯಿಂದ ಕಳಿಸಿದರೆ ಅಲ್ಲಿ ನಿಲ್ಲುವುದಿಲ್ಲ, ಸಾಲ ಪಡೆದವರ ಹೆಸರಲ್ಲೇ ಹೋಗಬೇಕು. ಬೆದರಿಕೆ, ಹಲ್ಲೆ ಆದರೆ ಇದ್ಯಾವುದಕ್ಕೂ ಕಾಯದೆ ನೇರ ಠಾಣೆಗೆ. 2025ರಲ್ಲಿ ರಾಜ್ಯ ತಂದ ಕಾನೂನಿನಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಅದರ ಮುಖ್ಯ ಗುರಿ ನೋಂದಣಿಯಿಲ್ಲದೆ ಸಾಲ ಕೊಡುವವರು ಎಂಬುದು ನೆನಪಿರಲಿ.

ಇನ್ನು ಕಿರುಸಾಲ ಕಂಪನಿಗಳ ಸಂಘದವರ ಪಾಲು. ದೂರು ಬಂದ ದಿನವೇ ನಂಬರ್ ಕೊಡಬೇಕು, ಘಟನೆಯ ದಿನ ಆ ಕಂಪನಿ ಸದಸ್ಯನಾಗಿತ್ತೇ ನೋಡಬೇಕು, ಯಾವ ನಿಯಮ ಮುರಿದಿದೆ ಎಂದು ತಾವೇ ಗುರುತಿಸಬೇಕು. ಹಳ್ಳಿಯ ಹೆಣ್ಣುಮಗಳು ಕಲಂ ಹುಡುಕಲಿ ಅನ್ನುವುದು ನ್ಯಾಯವಲ್ಲ. ಆರೋಪ ಹೊತ್ತವನಿಗೆ ದೂರಿನ ಪ್ರತಿ ಕೊಟ್ಟು ಉತ್ತರಕ್ಕೆ 15 ದಿನ ಕೊಡಲಿ. ಗಿರಾಕಿ ಕಸಿಯಲು ಒಂದು ಬ್ರಾಂಚಿನವರು ಇನ್ನೊಂದರ ಮೇಲೆ ಬರೆಸುವ ಸುಳ್ಳು ದೂರು ಇಲ್ಲವೆಂದೇನಿಲ್ಲ, ಅವನ ಮಾತನ್ನೂ ಕೇಳಬೇಕು. ವಸೂಲಿ ಆ್ಯಪ್‌ನಲ್ಲಿ ಹಣ ಜಮೆಯಾದ ಸಮಯ, ಜಾಗ ದಾಖಲಾಗಿದ್ದರೆ ಅದನ್ನು ತರಿಸಿಕೊಂಡರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಕೇಳುವ ಸಮಿತಿಯಲ್ಲಿ ಅದೇ ಜಿಲ್ಲೆಯ ಕಂಪನಿಯವರು ಇರಬಾರದು: ಕಲಬುರಗಿಯ ದೂರನ್ನು ಬೀದರಿನವರು, ಬೀದರಿನದನ್ನು ಯಾದಗಿರಿಯವರು ಕೇಳಲಿ. ದೂರು ಕೊಟ್ಟವಳು ಲಂಬಾಣಿ ತಾಂಡಾದವಳಾದರೆ ಲಂಬಾಣಿ ಬಲ್ಲವರೊಬ್ಬರು ಬೇಕು. ಅದೂ ಗುಂಪಿನ ಎದುರಲ್ಲಿ ಅಲ್ಲ, ಪ್ರತ್ಯೇಕವಾಗಿ ಕೇಳಬೇಕು. ಒಬ್ಬಳ ಕಂತನ್ನು ಉಳಿದವರು ತುಂಬುವ ಸಾಲದಲ್ಲಿ ಗುಂಪೇ ಅವಳ ಬಾಯಿ ಮುಚ್ಚಿಸುತ್ತದೆ.

ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಗೆ. ಅಲ್ಲಿಯವರೆಗೆ ಕಂತು ಮುಂದೂಡುವುದು ಒಳ್ಳೆಯದೇ, ಮಾಡಲಿ. ಆದರೆ ಅದು ಸಾಲದ ಕಡತಕ್ಕೆ ಸೇರಿದ ಕಾಗದ, ನಡತೆಯ ದೂರಿಗೆ ಉತ್ತರವಲ್ಲ. ‘ದೂರು ವಾಪಸ್ ಪಡೆದಿದ್ದೇನೆ’ ಎಂಬ ಪತ್ರ ಬಂದರೆ ಅದರ ತಾರೀಖನ್ನೂ ಕಂತು ಮುಂದೂಡಿದ ತಾರೀಖನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಒಂದೇ ದಿನದ್ದಾಗಿದ್ದು, ಪತ್ರದ ಅಕ್ಷರ ಬ್ರಾಂಚಿನವರದ್ದೇ ಆಗಿದ್ದರೆ, ಆ ಪತ್ರದಿಂದಲೇ ವಿಚಾರಣೆ ಶುರುವಾಗಬೇಕು.